ಅಂತರ್ಜಾಲ ಉದ್ಯಮದ ಸದಸ್ಯ ಸಂಘಗಳು, ಅವುಗಳ ಮಾಸಿಕ ವಾರ್ತೆ ಮತ್ತು ಸೊಕ್ಕೆ ಹೋಬಳಿಯ ಅರ್ಜಿದಾರರು

1. ಪೀಠಿಕೆ

ದಾವಣಗೆರೆ ಜಿಲ್ಲೆ, ಜಗಳೂರು ತಾಲ್ಲೂಕು, ಸೊಕ್ಕೆ ಹೋಬಳಿಯ ನಾಗರಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಸಾಮಾಜಿಕ ಭದ್ರತಾ ಪಿಂಚಣಿ, ಬೆಳೆ ವಿಮೆ ಮುಂತಾದ ಸೇವೆಗಳಿಗಾಗಿ ಸಲ್ಲಿಸುವ ಅರ್ಜಿಗಳು ಇಂದು ಅಂತರ್ಜಾಲದ ಮೂಲಕವೇ ಮುಂದೆ ಸಾಗುತ್ತವೆ. ಅಂತರ್ಜಾಲ ಸಂಪರ್ಕ ಕಡಿತಗೊಂಡ ದಿನ ಅರ್ಜಿಯೂ ನಿಲ್ಲುತ್ತದೆ. ಮಳೆಯಾಶ್ರಿತ ಬೇಸಾಯವೇ ಹೆಚ್ಚಾಗಿರುವ ಈ ತಾಲ್ಲೂಕಿನಲ್ಲಿ ಬೆಳೆ ವಿಮೆ ನೋಂದಣಿಯ ಕೊನೆಯ ದಿನದಂದು ಸಂಪರ್ಕ ದೊರೆಯದೆ ಹೋದರೆ ಮೆಕ್ಕೆಜೋಳ ಅಥವಾ ಶೇಂಗಾ ಬಿತ್ತಿದ ರೈತನು ಆ ಹಂಗಾಮಿನ ವಿಮಾ ರಕ್ಷಣೆಯಿಂದಲೇ ವಂಚಿತನಾಗುವ ಸಂಭವವಿರುತ್ತದೆ.

ಅಂತರ್ಜಾಲ ಸೇವೆಯನ್ನು ಒದಗಿಸುವ ಕಂಪನಿಗಳು ತಮ್ಮದೇ ಆದ ಸಂಘಗಳನ್ನು ರಚಿಸಿಕೊಂಡಿವೆ. ಈ ಸಂಘಗಳು ಸದಸ್ಯರಿಗಾಗಿ ಮಾಸಿಕ ವಾರ್ತೆ, ಸುತ್ತೋಲೆ ಹಾಗೂ ಪ್ರಕಟಣೆಗಳನ್ನು ಹೊರಡಿಸುತ್ತವೆ. ಇವುಗಳನ್ನು ಕಂಡ ಸಾರ್ವಜನಿಕರು ಸಂಘವೇ ಸೇವೆಯನ್ನು ನಿಯಂತ್ರಿಸುವ ಸಂಸ್ಥೆಯೆಂದು ತಿಳಿದು, ದೂರನ್ನು ಅಲ್ಲಿಗೆ ಕಳುಹಿಸಿ ಕಾಯುತ್ತಾ ಕುಳಿತರೆ ನಿಜವಾದ ದೂರು ಸಲ್ಲಿಸುವ ಅವಧಿ ಮುಗಿದುಹೋಗುತ್ತದೆ. ಸಂಘವು ತನ್ನ ಸದಸ್ಯರಿಗೆ ಉತ್ತರದಾಯಿಯಾಗಿದೆ. ನಾಗರಿಕನ ಹಕ್ಕು ಕಾನೂನು ಮತ್ತು ನಿಯಮಗಳಲ್ಲಿದೆ. ಈ ವ್ಯತ್ಯಾಸವನ್ನು ಸಾರ್ವಜನಿಕರಿಗೆ ತಿಳಿಯಪಡಿಸುವುದು ಈ ಪುಟದ ಉದ್ದೇಶವಾಗಿದೆ.

2. ಸದಸ್ಯ ಸಂಘ ಎಂದರೇನು?

ಒಂದೇ ಉದ್ಯಮದಲ್ಲಿ ತೊಡಗಿರುವ ಸಂಸ್ಥೆಗಳು ವಾರ್ಷಿಕ ಶುಲ್ಕ ನೀಡಿ ಸದಸ್ಯರಾಗಿ, ತಮ್ಮಲ್ಲಿಯೇ ಆಡಳಿತ ಮಂಡಳಿಯನ್ನು ಚುನಾಯಿಸಿಕೊಂಡು ನಡೆಸುವ ಸಂಘವನ್ನು ಸದಸ್ಯ ಸಂಘವೆನ್ನಬಹುದು. ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹಾಲು ಹಾಕುವವರೇ ಸದಸ್ಯರಾಗಿರುವಂತೆ ಇಲ್ಲಿ ಅಂತರ್ಜಾಲ ಸೇವೆ ಒದಗಿಸುವವರೇ ಸದಸ್ಯರು. ಹಾಲು ಕೊಳ್ಳುವವನಿಗೆ ಆ ಸಂಘದ ಸಭೆಯಲ್ಲಿ ಮತವಿಲ್ಲ. ಅಂತೆಯೇ ಅಂತರ್ಜಾಲ ಸಂಪರ್ಕ ಪಡೆದ ಗ್ರಾಹಕನಿಗೆ ಉದ್ಯಮದ ಸಂಘದಲ್ಲಿ ಮತವಿರುವುದಿಲ್ಲ.

3. ಪ್ರಮುಖ ಸಂಘ ಸಂಸ್ಥೆಗಳು

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯು 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮದ ಮೂಲಕ ಆರಂಭವಾಯಿತು. 1998ರಲ್ಲಿ ಖಾಸಗಿ ಸಂಸ್ಥೆಗಳಿಗೂ ಈ ಕ್ಷೇತ್ರವನ್ನು ತೆರೆಯಲಾಯಿತು. ಭಾರತದ ಸೇವೆಗೆ ಸಂಬಂಧಪಟ್ಟ ಸಂಸ್ಥೆಗಳು ಈ ಕೆಳಕಂಡಂತಿವೆ.

(ಅ) ಭಾರತೀಯ ಅಂತರ್ಜಾಲ ಸೇವಾ ಪೂರೈಕೆದಾರರ ಸಂಘ: ಇದು 1998ರಲ್ಲಿ ಸ್ಥಾಪನೆಯಾಯಿತು. ಸೇವಾ ಪೂರೈಕೆದಾರರ ಪರವಾಗಿ ಸರ್ಕಾರ ಮತ್ತು ನಿಯಂತ್ರಣ ಪ್ರಾಧಿಕಾರದ ಮುಂದೆ ಅಭಿಪ್ರಾಯ ಮಂಡಿಸುವುದು ಇದರ ಮುಖ್ಯ ಕಾರ್ಯ.

(ಆ) ಭಾರತೀಯ ರಾಷ್ಟ್ರೀಯ ಅಂತರ್ಜಾಲ ವಿನಿಮಯ ಕೇಂದ್ರ, ಅಂದರೆ ನಿಕ್ಸಿ: ಇದು 2003ರಲ್ಲಿ ಲಾಭರಹಿತ ಕಂಪನಿಯಾಗಿ ನೋಂದಣಿಯಾಯಿತು. ಒಂದೇ ಊರಿನ ಇಬ್ಬರು ಗ್ರಾಹಕರು ಬೇರೆ ಬೇರೆ ಪೂರೈಕೆದಾರರಿಂದ ಸಂಪರ್ಕ ಪಡೆದಿದ್ದರೆ, ಅವರ ನಡುವಿನ ಮಾಹಿತಿಯು ಹಿಂದೆ ವಿದೇಶದವರೆಗೆ ಹೋಗಿ ಮರಳಿ ಬರುವುದಿತ್ತು. ಇದರಿಂದ ವೆಚ್ಚವೂ ವಿಳಂಬವೂ ಹೆಚ್ಚಾಗುತ್ತಿದ್ದವು. ಪೂರೈಕೆದಾರರು ಒಂದೆಡೆ ಕೂಡಿ ದೇಶದೊಳಗೇ ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳಲು ಈ ಕೇಂದ್ರಗಳನ್ನು ಸ್ಥಾಪಿಸಲಾಯಿತು. ಬೆಂಗಳೂರಿನಲ್ಲಿಯೂ ಇಂತಹ ಕೇಂದ್ರವಿದೆ. 2005ರಿಂದ 'ಡಾಟ್ ಇನ್' ಹೆಸರುಗಳ ನೋಂದಣಿಯೂ ಇದೇ ಸಂಸ್ಥೆಯ ಹೊಣೆಯಾಗಿದೆ. ಕನ್ನಡ ಲಿಪಿಯಲ್ಲಿಯೇ ಬರೆಯಬಹುದಾದ 'ಡಾಟ್ ಭಾರತ' ಹೆಸರುಗಳನ್ನೂ ಇದು ನಿರ್ವಹಿಸುತ್ತದೆ.

(ಇ) ಐರಿನ್: ನಿಕ್ಸಿಯ ಅಡಿಯಲ್ಲಿ 2012ರಲ್ಲಿ ಆರಂಭವಾದ ಈ ವಿಭಾಗವು ದೇಶದ ಪೂರೈಕೆದಾರರಿಗೆ ಅಂತರ್ಜಾಲ ವಿಳಾಸ ಸಂಖ್ಯೆಗಳನ್ನು ಹಂಚುತ್ತದೆ.

(ಈ) ಏಪ್ನಿಕ್: ಏಷ್ಯಾ ಮತ್ತು ಪೆಸಿಫಿಕ್ ವಲಯಕ್ಕೆ ವಿಳಾಸ ಸಂಖ್ಯೆಗಳನ್ನು ಹಂಚುವ ಸಂಸ್ಥೆ. ಇದರ ಕಚೇರಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿದೆ. ಇದರ ಕಾರ್ಯಕಾರಿ ಮಂಡಳಿಯನ್ನು ಸದಸ್ಯರೇ ಚುನಾಯಿಸುತ್ತಾರೆ.

(ಉ) ಭಾರತೀಯ ಸೆಲ್ಯುಲಾರ್ ಆಪರೇಟರುಗಳ ಸಂಘ: ಮೊಬೈಲ್ ಸೇವಾ ಕಂಪನಿಗಳ ಈ ಸಂಘವು 1995ರಲ್ಲಿ ಸ್ಥಾಪನೆಯಾಯಿತು.

ಇವುಗಳ ಪೈಕಿ (ಅ) ಮತ್ತು (ಉ) ಉದ್ಯಮದ ಹಿತವನ್ನು ಪ್ರತಿನಿಧಿಸುವ ಸಂಘಗಳು. (ಆ), (ಇ) ಮತ್ತು (ಈ) ತಾಂತ್ರಿಕ ಸೇವೆ ಒದಗಿಸುವ ಸಂಸ್ಥೆಗಳು. ಇವುಗಳಲ್ಲಿ ಯಾವುದೂ ಗ್ರಾಹಕನ ವೈಯಕ್ತಿಕ ದೂರನ್ನು ತೀರ್ಮಾನಿಸುವ ಪ್ರಾಧಿಕಾರವಲ್ಲ.

4. ಮಾಸಿಕ ವಾರ್ತೆಯಲ್ಲಿ ಬರುವ ವಿಷಯಗಳು ಮತ್ತು ಅವುಗಳ ಅರ್ಥ

ಇಂತಹ ಸಂಘಗಳ ವಾರ್ತೆಯಲ್ಲಿ ಸಾಮಾನ್ಯವಾಗಿ ಕಂಡುಬರುವ ವಿಷಯಗಳನ್ನು ನಾಗರಿಕರ ದೃಷ್ಟಿಯಿಂದ ಕೆಳಗೆ ವಿವರಿಸಲಾಗಿದೆ.

(ಅ) ಸಮಾಲೋಚನಾ ಪತ್ರಕ್ಕೆ ಉತ್ತರ: ಟ್ರಾಯ್ ಎಂದು ಕರೆಯಲಾಗುವ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 1997ರಲ್ಲಿ ಸ್ಥಾಪನೆಯಾಗಿದೆ. ಹೊಸ ನಿಯಮಗಳನ್ನು ರಚಿಸುವ ಮುನ್ನ ಅದು ಸಮಾಲೋಚನಾ ಪತ್ರವನ್ನು ಪ್ರಕಟಿಸಿ ಲಿಖಿತ ಅಭಿಪ್ರಾಯಗಳನ್ನು ಆಹ್ವಾನಿಸುತ್ತದೆ. ಸಂಘಗಳು ಇದಕ್ಕೆ ತಪ್ಪದೆ ಉತ್ತರಿಸುತ್ತವೆ. ನಾಗರಿಕನೂ ಯಾವುದೇ ಸಂಘದ ಸದಸ್ಯನಾಗದೆ, ಶುಲ್ಕವಿಲ್ಲದೆ ತನ್ನ ಅಭಿಪ್ರಾಯವನ್ನು ಕಳುಹಿಸಬಹುದಾಗಿದೆ. ಗ್ರಾಮಾಂತರ ಪ್ರದೇಶದಿಂದ ಅಭಿಪ್ರಾಯ ಬಾರದಿದ್ದಲ್ಲಿ ಉದ್ಯಮದ ಅಭಿಪ್ರಾಯವೊಂದೇ ಕಡತದಲ್ಲಿ ಉಳಿಯುತ್ತದೆ ಎಂಬುದನ್ನು ಗಮನಿಸುವುದು.

(ಆ) ವೇಗದ ವ್ಯಾಖ್ಯೆ: 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಪರಿಗಣಿಸಲಾಗುತ್ತಿತ್ತು. ಬಳಿಕ ಇದು 512 ಕಿಲೋಬಿಟ್‌ಗೆ ಏರಿತು. 2023ರ ಜನವರಿಯಿಂದ ಕನಿಷ್ಠ ವೇಗವನ್ನು 2 ಮೆಗಾಬಿಟ್ ಎಂದು ನಿಗದಿಪಡಿಸಲಾಗಿದೆ. ಇದಕ್ಕಿಂತ ಕಡಿಮೆ ವೇಗದ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂಬ ಹೆಸರಿನಲ್ಲಿ ನೀಡಿದರೆ ಗ್ರಾಹಕನು ಪ್ರಶ್ನಿಸಬಹುದು.

(ಇ) ವಿಳಾಸ ಸಂಖ್ಯೆಗಳ ಕೊರತೆ: ಅಂತರ್ಜಾಲದ ಹಳೆಯ ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸ ಸಂಖ್ಯೆಗಳು ಮಾತ್ರ ಇದ್ದವು. ಜಾಗತಿಕ ಸಂಗ್ರಹದಲ್ಲಿ ಹಂಚದೆ ಉಳಿದಿದ್ದ ಭಾಗವು 2011ರ ಫೆಬ್ರವರಿಯಲ್ಲಿ ಮುಗಿಯಿತು. ಆದ್ದರಿಂದ ಅನೇಕ ಗ್ರಾಹಕರು ಒಂದೇ ಸಂಖ್ಯೆಯನ್ನು ಹಂಚಿಕೊಳ್ಳಬೇಕಾಗಿ ಬಂದಿದೆ. ಆರನೆಯ ಆವೃತ್ತಿ ಎಂಬ ಹೊಸ ಪದ್ಧತಿಯಲ್ಲಿ ಈ ಕೊರತೆಯಿಲ್ಲ. ವಾರ್ತೆಯಲ್ಲಿ 'ಆರನೆಯ ಆವೃತ್ತಿಗೆ ಬದಲಾವಣೆ' ಎಂದು ಕಂಡುಬಂದರೆ ಅದು ಇದನ್ನು ಸೂಚಿಸುತ್ತದೆ.

(ಈ) ನೆಲದಡಿ ತಂತಿ ಹಾಯಿಸುವ ಹಕ್ಕು: ರಸ್ತೆ ಬದಿಯಲ್ಲಿ ಆಪ್ಟಿಕಲ್ ಫೈಬರ್ ಹಾಕಲು ಬೇಕಾದ ಅನುಮತಿ, ಅದರ ಶುಲ್ಕ ಮತ್ತು ಅವಧಿಯ ಬಗ್ಗೆ ಸಂಘಗಳು ಬಹುಕಾಲದಿಂದ ಮನವಿ ಸಲ್ಲಿಸುತ್ತಾ ಬಂದಿವೆ. ಈ ಬಗ್ಗೆ 2016ರಲ್ಲಿ ನಿಯಮಗಳನ್ನು ರಚಿಸಲಾಯಿತು. ದೂರಸಂಪರ್ಕ ಅಧಿನಿಯಮ, 2023ರ ಅಡಿಯಲ್ಲಿ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದಿವೆ.

(ಉ) ದಾಖಲೆ ಇರಿಸುವ ಆದೇಶ: ಗಣಕ ಭದ್ರತೆಯ ರಾಷ್ಟ್ರೀಯ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಪೂರೈಕೆದಾರರು ತಮ್ಮ ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನಗಳವರೆಗೆ ಕಾಯ್ದಿರಿಸಬೇಕು. ಭದ್ರತಾ ಲೋಪಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು. ಇಂತಹ ಆದೇಶಗಳನ್ನು ಸದಸ್ಯರಿಗೆ ತಲುಪಿಸುವುದೂ ವಾರ್ತೆಯ ಒಂದು ಕೆಲಸವಾಗಿದೆ.

(ಊ) ಚುನಾವಣೆ, ಲೆಕ್ಕಪತ್ರ ಮತ್ತು ಶುಲ್ಕ: ಇವು ಸಂಘದ ಆಂತರಿಕ ವಿಷಯಗಳು. ಆದರೂ ಇವುಗಳ ಪರಿಣಾಮ ದೂರದವರೆಗೆ ತಲುಪಬಹುದು. ಆಫ್ರಿಕಾ ಖಂಡಕ್ಕೆ ವಿಳಾಸ ಸಂಖ್ಯೆ ಹಂಚುವ ಆಫ್ರಿನಿಕ್ ಎಂಬ ಸದಸ್ಯ ಸಂಸ್ಥೆಯು 2021ರಿಂದ ಸದಸ್ಯರೊಬ್ಬರೊಡನೆ ವ್ಯಾಜ್ಯದಲ್ಲಿ ಸಿಲುಕಿತು. ಆಡಳಿತ ಮಂಡಳಿಯಲ್ಲಿ ಸಾಕಷ್ಟು ಸದಸ್ಯರಿಲ್ಲದಂತಾಗಿ 2023ರಲ್ಲಿ ಮಾರಿಷಸ್ ನ್ಯಾಯಾಲಯವು ಆಡಳಿತಾಧಿಕಾರಿಯನ್ನು ನೇಮಿಸಬೇಕಾಯಿತು. 2025ರ ಜೂನ್‌ನಲ್ಲಿ ನಡೆದ ಚುನಾವಣೆ ರದ್ದಾಗಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ಮಂಡಳಿ ಆಯ್ಕೆಯಾಯಿತು. ಸದಸ್ಯರು ನಡೆಸುವ ಸಂಸ್ಥೆಯಲ್ಲಿ ಚುನಾವಣೆ ಮತ್ತು ಲೆಕ್ಕಪತ್ರಗಳ ವರದಿ ಏಕೆ ಮುಖ್ಯವೆಂಬುದಕ್ಕೆ ಇದು ಉದಾಹರಣೆ.

5. ಹೋಬಳಿ ಮಟ್ಟದ ಸೇವೆಗಳು ಮತ್ತು ಅಂತರ್ಜಾಲ

ಜಗಳೂರು ತಾಲ್ಲೂಕು 1997ರ ಆಗಸ್ಟ್ 15ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದು, ಅಂದಿನಿಂದ ದಾವಣಗೆರೆ ಜಿಲ್ಲೆಯಲ್ಲಿದೆ. ಅದಕ್ಕೂ ಹಿಂದಿನ ಕಾಗದಪತ್ರಗಳಲ್ಲಿ ಜಿಲ್ಲೆಯ ಹೆಸರು ಚಿತ್ರದುರ್ಗ ಎಂದೇ ಇರುತ್ತದೆ. ಅಂತರ್ಜಾಲದಲ್ಲಿ ಅರ್ಜಿ ತುಂಬುವಾಗ ಜಿಲ್ಲೆಯ ಕಲಂನಲ್ಲಿ ದಾವಣಗೆರೆ ಎಂದೇ ಆಯ್ಕೆ ಮಾಡುವುದು.

ಭೂಮಿ ಯೋಜನೆಯಡಿ 2000ದ ದಶಕದ ಆರಂಭದಲ್ಲಿ ಪಹಣಿಗಳ ಗಣಕೀಕರಣ ನಡೆದು ಕೈಬರಹದ ಪಹಣಿ ಕೊನೆಗೊಂಡಿತು. 2006ರಿಂದ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು ಆರಂಭವಾದವು. 2012ರಲ್ಲಿ ಅವುಗಳ ಬದಲಿಗೆ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು. ಗ್ರಾಮ ಒನ್ ಯೋಜನೆಗೆ 2022ರ ಜನವರಿ 26ರಂದು 12 ಜಿಲ್ಲೆಗಳಲ್ಲಿ ಚಾಲನೆ ನೀಡಲಾಯಿತು. ಹೀಗೆ ಸೇವೆಯು ಜನರ ಹತ್ತಿರಕ್ಕೆ ಬಂದಿದೆ. ಆದರೆ ಪ್ರತಿ ಹಂತದಲ್ಲಿಯೂ ಅಂತರ್ಜಾಲದ ಮೇಲಿನ ಅವಲಂಬನೆ ಹೆಚ್ಚುತ್ತಾ ಬಂದಿದೆ.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒದಗಿಸುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಮಂಜೂರಾತಿ ದೊರೆತು, 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಿಡಲಾಯಿತು. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗಳ ತಿದ್ದುಪಡಿ ಕಾರ್ಯಕ್ರಮಕ್ಕೆ ಅನುಮೋದನೆ ನೀಡಲಾಯಿತು. ಈ ಕಾರ್ಯಕ್ರಮದಲ್ಲಿ ಪಂಚಾಯಿತಿಗಳನ್ನು ಉಂಗುರದಾಕಾರದ ಜಾಲದಲ್ಲಿ ಜೋಡಿಸುವ ಉದ್ದೇಶವಿದೆ. ಉಂಗುರದ ಒಂದು ಕಡೆ ತಂತಿ ತುಂಡಾದರೂ ಇನ್ನೊಂದು ಕಡೆಯಿಂದ ಸಂಪರ್ಕ ಮುಂದುವರಿಯುತ್ತದೆ. ಒಂದೇ ಸಾಲಿನ ಜೋಡಣೆಯಿರುವ ಕಡೆ ತಂತಿ ತುಂಡಾದರೆ ಅದರ ಮುಂದಿನ ಊರುಗಳೆಲ್ಲವೂ ಸಂಪರ್ಕ ಕಳೆದುಕೊಳ್ಳುತ್ತವೆ.

ಪೈಪ್‌ಲೈನ್, ಚರಂಡಿ ಅಥವಾ ರಸ್ತೆ ಕಾಮಗಾರಿಗಾಗಿ ಜೆಸಿಬಿಯಿಂದ ಅಗೆಯುವಾಗ ಫೈಬರ್ ತುಂಡಾಗುವುದು ಸಾಮಾನ್ಯ. ಇದನ್ನು ತಡೆಯಲು 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ಆ್ಯಪ್ ಅನ್ನು ಕೇಂದ್ರ ಸರ್ಕಾರ ಜಾರಿಗೆ ತಂದಿದೆ. ಅಗೆಯುವವರು ಮುಂಚಿತವಾಗಿ ಇದರಲ್ಲಿ ತಿಳಿಸಿದರೆ ನೆಲದಡಿಯ ತಂತಿಯ ಮಾಲೀಕರಿಗೆ ಮಾಹಿತಿ ಹೋಗುತ್ತದೆ. ಗುತ್ತಿಗೆದಾರರು ಮತ್ತು ಪಂಚಾಯಿತಿಯವರು ಇದನ್ನು ಬಳಸಿದಲ್ಲಿ ಅರ್ಜಿದಾರರಿಗೆ ಆಗುವ ತೊಂದರೆ ತಪ್ಪುತ್ತದೆ.

6. ಸಂಪರ್ಕ ದೊರೆಯದ ದಿನ ಅರ್ಜಿದಾರರು ಅನುಸರಿಸಬೇಕಾದ ಕ್ರಮ

(1) ಅರ್ಜಿ ಸ್ವೀಕೃತಿ ಸಂಖ್ಯೆ ಪಡೆಯದೆ ಕೇಂದ್ರದಿಂದ ಹೊರಡಬಾರದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಈ ಸಂಖ್ಯೆಯೇ ಆಧಾರ. ಕಾಗದಪತ್ರಗಳನ್ನು ಕೇಂದ್ರದವರ ಕೈಯಲ್ಲಿ ಬಿಟ್ಟು ಬಂದ ಮಾತ್ರಕ್ಕೆ ಅರ್ಜಿ ಸಲ್ಲಿಸಿದಂತಾಗುವುದಿಲ್ಲ.

(2) ಸ್ವೀಕೃತಿ ಪಡೆದ ನಂತರ ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದರೆ 30 ದಿನಗಳ ಒಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ವೆಚ್ಚಕ್ಕೆ ಅಧಿನಿಯಮದಲ್ಲಿ ಅವಕಾಶವಿದೆ.

(3) ಸಂಪರ್ಕವಿಲ್ಲದೆ ಸ್ವೀಕೃತಿ ದೊರೆಯದಿದ್ದಲ್ಲಿ, ಭೇಟಿ ನೀಡಿದ ದಿನಾಂಕ, ವೇಳೆ, ಕೇಂದ್ರದ ಹೆಸರು ಮತ್ತು ಕೋರಿದ ಸೇವೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು. ಸಾಧ್ಯವಾದರೆ ಅದೇ ದಿನ ಲಿಖಿತ ಮನವಿಯನ್ನು ನಾಡಕಚೇರಿಗೆ ನೀಡಿ, ಪ್ರತಿಯ ಮೇಲೆ ಮುದ್ರೆ ಪಡೆಯುವುದು.

(4) ಅದೇ ಸೇವೆ ಬೇರೆ ಪೂರೈಕೆದಾರರ ಸಂಪರ್ಕವಿರುವ ಮತ್ತೊಂದು ಕೇಂದ್ರದಲ್ಲಿ, ಬ್ಯಾಂಕಿನಲ್ಲಿ ಅಥವಾ ಸ್ವಂತ ಮೊಬೈಲ್‌ನಲ್ಲಿ ದೊರೆಯುವುದೇ ಎಂದು ವಿಚಾರಿಸುವುದು.

(5) ಬೆಳೆ ವಿಮೆ, ವಿದ್ಯಾರ್ಥಿವೇತನ ಮುಂತಾಗಿ ಕೊನೆಯ ದಿನಾಂಕವಿರುವ ಅರ್ಜಿಗಳನ್ನು ಆ ದಿನದವರೆಗೆ ಮುಂದೂಡಬಾರದು. ಕೊನೆಯ ದಿನಗಳಲ್ಲಿ ಅರ್ಜಿಗಳ ಒತ್ತಡ ಹೆಚ್ಚಿರುವುದರಿಂದ, ಸಂಪರ್ಕ ಸರಿಯಿದ್ದರೂ ಜಾಲತಾಣ ನಿಧಾನವಾಗಬಹುದು.

7. ಅಂತರ್ಜಾಲ ಸೇವೆಯ ಬಗ್ಗೆ ದೂರು ಸಲ್ಲಿಸುವ ವಿಧಾನ

ಸೇವಾ ಕೇಂದ್ರದ ಅಂತರ್ಜಾಲ ಸಂಪರ್ಕವು ಆ ಕೇಂದ್ರದ ಹೆಸರಿನಲ್ಲಿರುತ್ತದೆ. ಆದುದರಿಂದ ಅದರ ಬಗ್ಗೆ ಪೂರೈಕೆದಾರರಿಗೆ ದೂರು ನೀಡಬೇಕಾದವರು ಕೇಂದ್ರದವರೇ ಹೊರತು ಅರ್ಜಿದಾರರಲ್ಲ. ದೂರು ನೀಡಲಾಗಿದೆಯೇ, ಅದರ ಸಂಖ್ಯೆ ಏನು ಎಂದು ಅರ್ಜಿದಾರರು ಕೇಳಬಹುದು. ಸ್ವಂತ ಮನೆಯ ಅಥವಾ ಮೊಬೈಲ್‌ನ ಸಂಪರ್ಕವಾದರೆ ಗ್ರಾಹಕರು ಈ ಕೆಳಕಂಡ ಕ್ರಮವನ್ನು ಅನುಸರಿಸತಕ್ಕದ್ದು.

ಮೊದಲನೆಯ ಹಂತ: ಪೂರೈಕೆದಾರರ ದೂರು ಕೇಂದ್ರದಲ್ಲಿ ದೂರನ್ನು ನೋಂದಾಯಿಸಿ ಡಾಕೆಟ್ ಸಂಖ್ಯೆ ಪಡೆಯುವುದು. ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳಂತೆ ಈ ಸಂಖ್ಯೆಯನ್ನು ನೀಡುವುದು ಕಡ್ಡಾಯ.

ಎರಡನೆಯ ಹಂತ: ದೂರು ಪರಿಹಾರವಾಗದಿದ್ದರೆ ಅಥವಾ ಪರಿಹಾರ ತೃಪ್ತಿಕರವಲ್ಲದಿದ್ದರೆ ಅದೇ ಪೂರೈಕೆದಾರರ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳ ಒಳಗೆ ಮೇಲ್ಮನವಿ ಸಲ್ಲಿಸುವುದು. ಇದಕ್ಕೆ ಶುಲ್ಕವಿಲ್ಲ. ಮೇಲ್ಮನವಿಯನ್ನು 39 ದಿನಗಳಲ್ಲಿ ಇತ್ಯರ್ಥಪಡಿಸಬೇಕು.

ಮೂರನೆಯ ಹಂತ: ಆ ನಂತರವೂ ಪರಿಹಾರ ದೊರೆಯದಿದ್ದರೆ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಗೆ ಸಾರ್ವಜನಿಕ ಕುಂದುಕೊರತೆ ಪೋರ್ಟಲ್ ಮೂಲಕ ದೂರು ನೀಡಬಹುದು.

ಇದಲ್ಲದೆ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗುವ ಹಕ್ಕು ಉಳಿದೇ ಇರುತ್ತದೆ. ದೂರಸಂಪರ್ಕ ಸೇವೆಗಳ ದೂರನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ಸಲಹೆಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪೂರೈಕೆದಾರರ ಸಂಘಕ್ಕೆ ದೂರು ಬರೆದರೆ ಪ್ರಯೋಜನವಿದೆಯೇ?
ಉತ್ತರ: ಬರೆಯಲು ಅಡ್ಡಿಯಿಲ್ಲ. ಆದರೆ ಅದು ಮೇಲಿನ ಮೂರು ಹಂತಗಳಲ್ಲಿ ಯಾವುದಕ್ಕೂ ಸಮವಲ್ಲ. ಸಂಘಕ್ಕೆ ಬರೆದ ದಿನಾಂಕದಿಂದ ಮೇಲ್ಮನವಿಯ 30 ದಿನಗಳ ಅವಧಿ ವಿಸ್ತರಣೆಯಾಗುವುದಿಲ್ಲ.

ಪ್ರಶ್ನೆ: ಟ್ರಾಯ್‌ಗೇ ನೇರವಾಗಿ ದೂರು ನೀಡಬಹುದೇ?
ಉತ್ತರ: ಟ್ರಾಯ್ ನಿಯಮ ರೂಪಿಸುವ ಪ್ರಾಧಿಕಾರ. ಅದು ವೈಯಕ್ತಿಕ ದೂರುಗಳನ್ನು ತೀರ್ಮಾನಿಸುವುದಿಲ್ಲ.

ಪ್ರಶ್ನೆ: ಊರಿನಲ್ಲಿ ಸಂಪರ್ಕ ನೀಡುತ್ತಿರುವವರು ಸಣ್ಣ ಸ್ಥಳೀಯ ಪೂರೈಕೆದಾರರು. ಏನು ಗಮನಿಸಬೇಕು?
ಉತ್ತರ: ಅವರು ಸ್ವತಃ ಪರವಾನಗಿ ಹೊಂದಿದ್ದಾರೆಯೇ ಅಥವಾ ಬೇರೆ ಕಂಪನಿಯ ಪರವಾಗಿ ಸೇವೆ ನೀಡುತ್ತಿದ್ದಾರೆಯೇ, ದೂರು ಕೇಂದ್ರ ಮತ್ತು ಮೇಲ್ಮನವಿ ಪ್ರಾಧಿಕಾರದ ವಿಳಾಸವೇನು ಎಂಬುದನ್ನು ಸಂಪರ್ಕ ಪಡೆಯುವಾಗಲೇ ಲಿಖಿತವಾಗಿ ಕೇಳಿ ಪಡೆಯುವುದು. ಹಣ ಪಾವತಿಗೆ ರಸೀದಿ ಪಡೆಯುವುದು.

ಪ್ರಶ್ನೆ: ಮಹಿಳಾ ಸ್ವಸಹಾಯ ಸಂಘ ಅಥವಾ ರೈತ ಉತ್ಪಾದಕರ ಸಂಘವು ಕನ್ನಡದಲ್ಲಿಯೇ ಜಾಲತಾಣದ ಹೆಸರು ಪಡೆಯಬಹುದೇ?
ಉತ್ತರ: ಪಡೆಯಬಹುದು. ನಿಕ್ಸಿಯಿಂದ ಮಾನ್ಯತೆ ಪಡೆದ ನೋಂದಣಿದಾರರ ಮೂಲಕ 'ಡಾಟ್ ಭಾರತ' ಹೆಸರಿಗೆ ಅರ್ಜಿ ಸಲ್ಲಿಸಬೇಕು. ನೋಂದಣಿಯು ನಿಗದಿತ ಅವಧಿಗೆ ಮಾತ್ರ ಇರುವುದರಿಂದ ನವೀಕರಣದ ದಿನಾಂಕವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡುವುದು. ನೋಂದಣಿಯನ್ನು ಜಾಲತಾಣ ಸಿದ್ಧಪಡಿಸಿದವರ ಹೆಸರಿನಲ್ಲಿ ಮಾಡಿಸದೆ ಸಂಘದ ಹೆಸರಿನಲ್ಲಿಯೇ ಮಾಡಿಸುವುದು.

9. ಗಮನಿಸಬೇಕಾದ ಮುಖ್ಯಾಂಶಗಳು

• ಉದ್ಯಮದ ಸಂಘದ ಮಾಸಿಕ ವಾರ್ತೆಯು ಮಾಹಿತಿಗಾಗಿ ಮಾತ್ರ. ಅದು ಸರ್ಕಾರದ ಆದೇಶವಲ್ಲ.
• ನಿಯಮ ರಚನೆಯ ಹಂತದಲ್ಲಿ ನಾಗರಿಕರು ತಾವೇ ಅಭಿಪ್ರಾಯ ಕಳುಹಿಸಬಹುದು.
• ಸರ್ಕಾರಿ ಸೇವೆಯ ಅರ್ಜಿಗೆ ಸ್ವೀಕೃತಿ ಸಂಖ್ಯೆ, ಅಂತರ್ಜಾಲ ಸೇವೆಯ ದೂರಿಗೆ ಡಾಕೆಟ್ ಸಂಖ್ಯೆ: ಈ ಎರಡನ್ನೂ ದಿನಾಂಕದೊಂದಿಗೆ ಜೋಪಾನವಾಗಿ ಇಟ್ಟುಕೊಳ್ಳುವುದು. ಮುಂದಿನ ಎಲ್ಲ ಹಂತಗಳಿಗೂ ಇವೇ ಆಧಾರವಾಗಿರುತ್ತವೆ.
• ಅಂತಿಮ ದಿನಾಂಕವಿರುವ ಅರ್ಜಿಗಳನ್ನು ಕನಿಷ್ಠ ಒಂದು ವಾರ ಮುಂಚಿತವಾಗಿ ಸಲ್ಲಿಸುವುದು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಿದೆ.